ಬೆರಳು ಕೊಡುವ ಪದ್ಧತಿಯಿಂದ ಜೀತ ವಿಮೋಚನೆಯವರೆಗೆ

‘ಬೆರಳು ಕೊಡುವುದು’ ದೇವನಹಳ್ಳಿ, ಹೊಸಕೋಟೆ, ಕೋಲಾರ ಸೀಮೆಯ ಮೊರಸು ಒಕ್ಕಲಿಗರ ಒಂದು ಒಳಪಂಗಡದಲ್ಲಿ 19ನೇ ಶತಮಾನದವರೆಗೂ ನಡೆದುಬಂದ ಕುಲಾಚಾರ. ಮನೆಯ ಹಿರಿಯ ಮಗುವಿಗೆ ಕಿವಿ ಚುಚ್ಚಿಸುವ ಮುನ್ನ ತಾಯಿಯಾದವಳು ತನ್ನ ಕೈಯ ಉಂಗುರ ಬೆರಳು ಮತ್ತು ಕಿರುಬೆರಳಿನ ತುದಿಗೆಣ್ಣುಗಳನ್ನು ಕಡಿಸಿಕೊಂಡು ಭೈರವನಿಗೆ ಒಪ್ಪಿಸಬೇಕಿತ್ತು. ಈ ಕಾರಣಕ್ಕೆ ಆ ಪಂಗಡಕ್ಕೆ ‘ಬೆರಳು ಕೊಡುವ ಒಕ್ಕಲು’ ಎಂಬ ಹೆಸರೇ ಬಂತು. ಮೊರಸು ಒಕ್ಕಲಿಗರಲ್ಲಿ ಎಲ್ಲರೂ ಇದನ್ನು ಆಚರಿಸುತ್ತಿರಲಿಲ್ಲ. ಬೇರೆ ಒಳಪಂಗಡಗಳಿಗೆ ಈ ಕಟ್ಟಳೆ ಇರಲಿಲ್ಲ.

ಈ ಆಚರಣೆಯಲ್ಲಿ ಯಾರೂ ಹೆಂಗಸಿನ ಕೈ ಹಿಡಿದು ಎಳೆದ ದಾಖಲೆ ಇಲ್ಲ. ಅವಳೇ ಕೈ ಚಾಚುತ್ತಿದ್ದಳು. ಇದೇ ಸೀಮೆಯಲ್ಲಿ ಸಾಲಪತ್ರಕ್ಕೆ ಹೆಬ್ಬೆಟ್ಟು ಒತ್ತಿ ಜೀತಕ್ಕೆ ನಿಂತವನೂ ತಾನಾಗಿಯೇ ಒತ್ತಿದವನು. ಹಸುಳೆಯ ಮದುವೆಯನ್ನು ಹೆತ್ತವರೇ ಒಪ್ಪಿ ಮಾಡುತ್ತಿದ್ದರು. ಮೂರು ಕಡೆಯೂ ಒಪ್ಪಿಗೆ ಎಂಬುದೊಂದು ಇತ್ತು, ಆದರೂ ಕಾನೂನು ಒಂದೊಂದಾಗಿ ಮೂರನ್ನೂ ತಡೆಯಿತು. ಒಪ್ಪಿಗೆ ಯಾವಾಗ ನಿಜವಾದ ಒಪ್ಪಿಗೆ, ಒಪ್ಪಿಗೆ ಇದ್ದರೂ ಕೊಡಲಾಗದ್ದು ಯಾವುದು ಎಂಬ ಎರಡು ಪ್ರಶ್ನೆಗಳಿಗೆ ಬೆಂಗಳೂರು ಗ್ರಾಮಾಂತರ ಸೀಮೆಯಲ್ಲಿ ಸುಮಾರು ಎರಡು ಶತಮಾನಗಳಲ್ಲಿ ಉತ್ತರ ರೂಪುಗೊಂಡ ಬಗೆಯನ್ನು ಈ ಮೂರು ಪದ್ಧತಿಗಳ ಮೂಲಕ ನೋಡಬಹುದು.

ನಾಡು ಮತ್ತು ಒಕ್ಕಲು

ಬೆಂಗಳೂರು ಗ್ರಾಮಾಂತರ ಜಿಲ್ಲೆ ಆಡಳಿತದ ಲೆಕ್ಕದಲ್ಲಿ ಹೊಸದು. ಹಳೆಯ ಬೆಂಗಳೂರು ಜಿಲ್ಲೆಯನ್ನು 1986ರಲ್ಲಿ ಎರಡು ಮಾಡಿದಾಗ ಇದು ರೂಪುಗೊಂಡಿತು. 2007ರಲ್ಲಿ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳು ಬೇರೆ ಜಿಲ್ಲೆಯಾದ ಮೇಲೆ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಎಂಬ ನಾಲ್ಕು ತಾಲ್ಲೂಕುಗಳು ಉಳಿದವು. ಇದರ ಪೂರ್ವಭಾಗ, ಕೋಲಾರ ಮತ್ತು ಹೊಸೂರು ಕಡೆಯ ಸೀಮೆಯೊಂದಿಗೆ ಸೇರಿ, ಹಿಂದೆ ಮೊರಸುನಾಡು ಎನಿಸಿಕೊಂಡಿತ್ತು. ಮೊರಸು ಒಕ್ಕಲಿಗರ ಹೆಸರು ಆ ನಾಡಿನದೇ.

ದೇವನಹಳ್ಳಿ ತಾಲ್ಲೂಕಿನ ಆವತಿ ಈ ಒಕ್ಕಲಿನ ಪಾಳೆಯಗಾರ ಮನೆತನಗಳ ಮೂಲಸ್ಥಾನ. ಕಂಚಿಯ ಕಡೆಯಿಂದ ಅಣ್ಣತಮ್ಮಂದಿರು ಸಂಸಾರ ಸಮೇತ ಬಂಡಿ ಕಟ್ಟಿಕೊಂಡು ಬಂದು, ನಂದಿಬೆಟ್ಟದ ಆಸುಪಾಸಿನಲ್ಲಿ ಬೀಡುಬಿಟ್ಟು, ರಣಭೈರೇಗೌಡನ ಮುಂದಾಳುತನದಲ್ಲಿ ಆವತಿಯನ್ನು ಕಟ್ಟಿದರು ಎಂಬುದು ಐತಿಹ್ಯ. ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರಗಳ ಪಾಳೆಯಪಟ್ಟುಗಳು ಈ ಮನೆತನದಿಂದ ಬೆಳೆದವು. ದೇವನಹಳ್ಳಿಯ ಮೊದಲ ಮಣ್ಣಿನ ಕೋಟೆ 1501ರಲ್ಲಿ ಎದ್ದಿತು ಎಂದು ಹೇಳಲಾಗುತ್ತದೆ. ಯಲಹಂಕ ನಾಡಪ್ರಭುಗಳ ವಂಶವನ್ನೂ ಇದೇ ವಲಸೆಯೊಂದಿಗೆ ಜೋಡಿಸುತ್ತಾರೆ.

ವಲಸೆಗೆ ಐತಿಹ್ಯ ಕೊಡುವ ಕಾರಣ ಒಂದು ಮದುವೆಯ ಒತ್ತಾಯ. ಮನೆಯ ಮಗಳು ದೊಡ್ಡಮ್ಮನನ್ನು ಬೇರೆ ಕುಲದ ಬಲಾಢ್ಯನೊಬ್ಬ ಕೇಳಿದ. ಕೊಡಲು ಒಪ್ಪದ ಕುಟುಂಬ ರಾತ್ರೋರಾತ್ರಿ ಊರು ಬಿಟ್ಟಿತು. ದಾರಿಯಲ್ಲಿ ಪಾಲಾರ್ ಹೊಳೆ ಬಿರಿದು ದಾರಿ ಕೊಟ್ಟಿತು. ಕಥೆಯ ತಿರುಳು ಒಲ್ಲದ ಮದುವೆಯ ನಿರಾಕರಣೆಯೇ. ಆದರೆ ಒಲ್ಲೆ ಎಂದವರು ಮನೆಯ ಗಂಡಸರು. ದೊಡ್ಡಮ್ಮನ ಮನಸ್ಸು ಏನಿತ್ತು ಎಂಬುದಕ್ಕೆ ಕಥೆಯಲ್ಲಿ ಜಾಗವಿಲ್ಲ. ಕೊಡುವುದೂ ಬಿಡುವುದೂ ಕುಲದ ಹಕ್ಕು ಎಂಬುದು ಕಥೆ ಹುಟ್ಟಿದ ಕಾಲದ ನಂಬಿಕೆ.

ಈ ಮನೆತನಗಳ ಕುಲದೇವರು ಭೈರವ. ಮಕ್ಕಳ ಕಿವಿ ಚುಚ್ಚುವ ಶಾಸ್ತ್ರ ಅವನ ಪೂಜೆಯೊಂದಿಗೆ ಬೆರೆತಿತ್ತು. ದಾಯಾದಿಗಳು ಸೇರಿ ಬಂಡಿಗಳಲ್ಲಿ ಹೊರಟು ನಡೆಸುವ ಈ ಸೇವೆಗೆ ‘ಬಂಡಿ ದೇವರು’ ಎಂದು ಹೆಸರು. ಬೆರಳು ಕೊಡುತ್ತಿದ್ದುದು ಈ ಸಂದರ್ಭದಲ್ಲಿ.

ಮೋಹಿನಿಯ ಕಥೆಗೆ ಸೇರಿದ ಬಾಲ

ಪದ್ಧತಿಗೆ ಆಧಾರವಾಗಿ ಒಕ್ಕಲಿನವರು ಹೇಳುತ್ತಿದ್ದುದು ಭಸ್ಮಾಸುರನ ಕಥೆಯ ಸ್ಥಳೀಯ ರೂಪ. ಯಾರ ತಲೆಯ ಮೇಲೆ ಕೈ ಇಟ್ಟರೂ ಸುಟ್ಟು ಬೂದಿಯಾಗುವ ವರ ಪಡೆದ ರಾಕ್ಷಸ, ಕಥೆಯ ಈ ರೂಪದಲ್ಲಿ ವೃಕ, ವರ ಕೊಟ್ಟ ಶಿವನನ್ನೇ ಅಟ್ಟಿಸಿಕೊಂಡು ಬಂದ. ಶಿವ ಓಡಿ ಹೊಲದ ಬದಿಯ ಪೊದೆಯಲ್ಲಿ ಅವಿತ. ಹೊಲದಲ್ಲಿದ್ದ ರೈತನನ್ನು ರಾಕ್ಷಸ ಕೇಳಿದಾಗ ಅವನು ಬಾಯಲ್ಲಿ ‘ಕಾಣೆ’ ಎಂದು ಗಟ್ಟಿಯಾಗಿ ಹೇಳಿ, ಜೀವಭಯಕ್ಕೆ ಕಿರುಬೆರಳಿನಿಂದ ಪೊದೆ ತೋರಿಸಿದ. ವಿಷ್ಣು ಮೋಹಿನಿಯಾಗಿ ಬಂದು ರಾಕ್ಷಸನ ಕೈಯನ್ನು ಅವನ ತಲೆಗೇ ಇಡಿಸಿ ಸುಟ್ಟ. ಪೊದೆಯಿಂದ ಹೊರಬಂದ ಶಿವ ತಪ್ಪು ಮಾಡಿದ ಬೆರಳನ್ನು ಕಡಿಯಬೇಕೆಂದ. ಅಷ್ಟರಲ್ಲಿ ಗಂಡನಿಗೆ ಬುತ್ತಿ ತಂದ ಹೆಂಡತಿ ಕಾಲಿಗೆ ಬಿದ್ದಳು. ಗಂಡನ ಬೆರಳು ಹೋದರೆ ಹೊಲ ಉಳುವವರಿಲ್ಲ, ಅವನ ಒಂದು ಬೆರಳಿಗೆ ಬದಲು ತನ್ನ ಎರಡು ಬೆರಳು ಕೊಡುವೆ ಎಂದಳು. ಶಿವ ಒಪ್ಪಿ, ಅವಳ ಸಂತತಿಯ ಹೆಂಗಸರು ಎಂದೆಂದಿಗೂ ಹೀಗೆಯೇ ಕೊಡಬೇಕು ಎಂದು ವಿಧಿಸಿದ. ಕೋಲಾರ ತಾಲ್ಲೂಕಿನ ಸೀತಿ ಬೆಟ್ಟದ ಭೈರವನ ಗುಡಿಗೆ ಈ ಪದ್ಧತಿಯೊಂದಿಗೆ ನಂಟಿದೆ.

ಕಥೆಯಲ್ಲಿ ಮೂರು ಹಂತಗಳಿವೆ. ತಪ್ಪು ಗಂಡಿನದು, ಬೆಲೆ ತೆತ್ತವಳು ಹೆಂಡತಿ. ಮೊದಲ ಹೆಂಗಸು ತನ್ನ ಮನಸ್ಸಿನಿಂದ ಬೆರಳು ಕೊಟ್ಟಳು, ಅದು ಅವಳ ನಿರ್ಧಾರ. ಅವಳ ಮಾತು ಮುಂದೆ ಹುಟ್ಟಲಿರುವವರ ಮೇಲೂ ಸಾಲವಾಗಿ ಕೂತಿತು. ಒಬ್ಬಳ ಒಪ್ಪಿಗೆ ಇನ್ನೊಬ್ಬಳ ದೇಹವನ್ನು ಕಟ್ಟಿಹಾಕಬಲ್ಲದೇ ಎಂಬುದು ನ್ಯಾಯಶಾಸ್ತ್ರದ ಹಳೆಯ ಪ್ರಶ್ನೆ. ಈ ಕಥೆ ಕಟ್ಟಿಹಾಕಬಲ್ಲದು ಎನ್ನುತ್ತದೆ. ಮುತ್ತಾತನ ಸಾಲಕ್ಕೆ ಮರಿಮಗ ದುಡಿಯುವ ಜೀತದ ತರ್ಕವೂ ಇದೇ.

ದಾಖಲೆಗಳು ಹೇಳುವುದು

ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಮೊದಲ ಸಂಪುಟ ಪ್ರಕಟವಾದ ತನ್ನ ದಕ್ಷಿಣ ಭಾರತದ ಇತಿಹಾಸದಲ್ಲಿ ಈ ಪದ್ಧತಿಯನ್ನು ವಿವರವಾಗಿ ಬರೆದಿದ್ದಾನೆ. ಅವನ ಪ್ರಕಾರ ಹಿರಿಯ ಮಗಳ ಮದುವೆ ನಿಶ್ಚಯಕ್ಕೆ ಮುಂಚಿನ ಕಿವಿ ಚುಚ್ಚುವ ಶಾಸ್ತ್ರಕ್ಕೆ ತಾಯಿ ಬಲಗೈಯ ಎರಡು ಬೆರಳು ಕೊಡಬೇಕಿತ್ತು. ಊರಿನ ಕಮ್ಮಾರ ಕೊರಡಿನ ಮೇಲೆ ಬೆರಳಿರಿಸಿ ಉಳಿಯಿಂದ ಕಡಿಯುತ್ತಿದ್ದ. ಹುಡುಗಿಗೆ ತಾಯಿ ಇಲ್ಲದಿದ್ದರೆ, ಹುಡುಗನ ತಾಯಿ ಇನ್ನೂ ಬೆರಳು ಕೊಡದವಳಾಗಿದ್ದರೆ, ಆಕೆ ಕೊಡಬೇಕಿತ್ತು. 1800–01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಬೇರೆ ಕಾರಣ ಕೇಳಿಸಿಕೊಂಡ. ದೇವರು ಮುನಿದು ಮಕ್ಕಳನ್ನು ಕಿತ್ತುಕೊಂಡಾನು ಎಂಬ ಭಯಕ್ಕೆ ಹೆಂಗಸರು ಬೆರಳು ಒಪ್ಪಿಸುತ್ತಾರೆ ಎಂಬುದು ಅವನ ಬರಹದ ಸಾರ. ಮೈಸೂರು ಗೆಜೆಟಿಯರ್ ಸಿದ್ಧಪಡಿಸಿದ ಬಿ.ಎಲ್. ರೈಸ್ ಆವತಿ ಮನೆತನದ ಪ್ರಸ್ತಾಪದಲ್ಲಿ, ಹೆಣ್ಣುಮಕ್ಕಳ ಬೆರಳನ್ನು ಮದುವೆಗೆ ಮೊದಲೇ ಕಡಿಯುತ್ತಿದ್ದರು ಎಂದ. ಹೀಗೆ ಯಾರ ಬೆರಳು, ಯಾವ ವಯಸ್ಸಿನಲ್ಲಿ ಎಂಬುದರಲ್ಲಿ ಬರಹಗಳು ಒಂದೇ ಮಾತು ಹೇಳುವುದಿಲ್ಲ. ಕಡಿಸಿಕೊಂಡವರು ಹೆಂಗಸರು ಮಾತ್ರ ಎಂಬುದರಲ್ಲಿ ವ್ಯತ್ಯಾಸವಿಲ್ಲ.

ಈ ಒಪ್ಪಿಗೆಯ ಸ್ವರೂಪವನ್ನು ದಾಖಲೆಗಳಿಂದಲೇ ಊಹಿಸಬಹುದು. ಬೆರಳು ಕೊಡದಿದ್ದರೆ ಮಗುವಿನ ಕಿವಿ ಚುಚ್ಚುವಂತಿಲ್ಲ. ಕಿವಿ ಚುಚ್ಚದ ಮಗುವಿಗೆ ಮುಂದೆ ಕುಲದೊಳಗೆ ಸಂಬಂಧ ಕೂಡುವುದಿಲ್ಲ. ಕುಲದ ಕಟ್ಟಳೆ ಮೀರಿದ ಮನೆಯನ್ನು ಒಟ್ಟಿಗೆ ಉಣ್ಣುವ, ಹೆಣ್ಣು ಕೊಟ್ಟು ತರುವ ಬಳಕೆಯಿಂದ ಹೊರಗಿಡುವುದು ಹಳೆಯ ಮೈಸೂರಿನ ಹಲವು ಜಾತಿಗಳಲ್ಲಿ ಇದ್ದ ಶಿಕ್ಷೆ. ಅದರ ಮೇಲೆ ಮಕ್ಕಳನ್ನು ಕಳೆದುಕೊಳ್ಳುವ ಭಯ. ಬಾಯಿ ‘ಹೂಂ’ ಎಂದರೂ ಅದರ ಹಿಂದೆ ಬೇರೆ ದಾರಿ ಇರಲಿಲ್ಲ. ಹಾಗೆಂದು ಆ ಹೆಂಗಸರಿಗೆ ಸ್ವಂತ ಮನಸ್ಸೇ ಇರಲಿಲ್ಲ ಎನ್ನಲೂ ಆಗದು. ಮಗುವಿನ ಆಯುಸ್ಸಿಗಾಗಿ ಕೊಟ್ಟ ಬೆರಳು ಅವರಿಗೆ ಹೆಮ್ಮೆಯ ಗುರುತೂ ಆಗಿದ್ದಿರಬಹುದು. ಗಂಡನ ಚಿತೆ ಏರಿದವರ ನೆನಪಿಗೆ ನೆಟ್ಟ, ಈ ಸೀಮೆಯ ಊರಂಚಿನಲ್ಲೂ ಕಾಣುವ ಮಾಸ್ತಿಕಲ್ಲುಗಳಲ್ಲಿ ಬಳೆ ತೊಟ್ಟು ಮೇಲೆತ್ತಿದ ತೋಳನ್ನು ಕಡೆದಿರುತ್ತಾರೆ. ಅಗ್ನಿಗೆ ಹೋದವಳ ದೇಹದಲ್ಲಿ ಸಮಾಜ ನೆನಪಿಗೆ ಉಳಿಸಿಕೊಂಡದ್ದು ಆ ತೋಳನ್ನು. ಹೆಗ್ಗಡದೇವನಕೋಟೆ ಸೀಮೆಯ ಬೆಳತೂರಿನ 1057ರ ಶಾಸನದ ದೇಕಬ್ಬೆ ಬಂಧುಗಳು ತಡೆದರೂ ನಿಲ್ಲದೆ ಚಿತೆ ಏರಿದಳು ಎಂದು ಶಾಸನವೇ ಹೇಳುತ್ತದೆ. ಮೆಚ್ಚುಗೆಯೂ ಒತ್ತಡವೇ, ಬಹಿಷ್ಕಾರದಂತೆ ಅದು ಕಣ್ಣಿಗೆ ಬೀಳುವುದಿಲ್ಲ, ಅಷ್ಟೇ.

ನಿಷೇಧ ಮತ್ತು ಹಿಟ್ಟಿನ ಬೆರಳು

ಪದ್ಧತಿಯನ್ನು ಮೊದಲು ತಡೆದವನು ಬೆಂಗಳೂರು ಕಟ್ಟಿದ ಒಂದನೆಯ ಕೆಂಪೇಗೌಡ ಎಂಬುದು ಪ್ರತೀತಿ. ಬಂಡಿ ದೇವರ ಸೇವೆಯಲ್ಲಿ ಹೆಣ್ಣುಮಕ್ಕಳ ಎಡಗೈಯ ಕೊನೆಯ ಎರಡು ಬೆರಳು ಕಡಿಯುವುದನ್ನು ಅವನು ನಿಲ್ಲಿಸಿದ ಎಂದು ಹೇಳುತ್ತಾರೆ. ಕೆಂಪೇಗೌಡ ಸ್ವತಃ ಮೊರಸು ಒಕ್ಕಲಿನವನು. ಸುಧಾರಣೆ ಕುಲದ ಒಳಗಿನಿಂದಲೇ ಹೊರಟಿತು ಎಂಬ ನೆನಪನ್ನು ಈ ಪ್ರತೀತಿ ಕಾಪಾಡಿದೆ. ಆದರೆ ಅವನ ಕಾಲವಾಗಿ ಸುಮಾರು ಎರಡೂವರೆ ಶತಮಾನ ಕಳೆದ ಮೇಲೂ ವಿಲ್ಕ್ಸ್ ಇದನ್ನು ಜೀವಂತ ಪದ್ಧತಿಯಾಗಿ ಕಂಡ. ಪ್ರಭುವಿನ ಆಜ್ಞೆ ಅವನ ಮನೆತನ ಮತ್ತು ಪೇಟೆಯಾಚೆ ಹೆಚ್ಚು ದೂರ ಹೋಗಿರಲಿಲ್ಲ ಎಂದು ಇದರಿಂದ ತಿಳಿಯಬಹುದು.

19ನೇ ಶತಮಾನದಲ್ಲಿ ಮೈಸೂರು ಸರ್ಕಾರ ಪದ್ಧತಿಯನ್ನು ನಿಷೇಧಿಸಿತು. ಶಾಸ್ತ್ರ ಅಳಿಯಲಿಲ್ಲ, ರೂಪ ಬದಲಿಸಿತು. ಬೆರಳಿಗೆ ಹಿಟ್ಟು ಮೆತ್ತಿ, ಅದರ ಮೇಲೆ ಚಿನ್ನ ಅಥವಾ ಬೆಳ್ಳಿಯ ತೆಳುತುಂಡು ಅಂಟಿಸಿ, ಆ ಹಿಟ್ಟನ್ನು ಮಾತ್ರ ಕತ್ತರಿಸುವುದು ಬಳಕೆಗೆ ಬಂತು. ಎಡ್ಗರ್ ಥರ್ಸ್ಟನ್ 1909ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿಗಳ ಕೋಶ ಈ ಬದಲಿಯನ್ನು ದಾಖಲಿಸುತ್ತದೆ. ಮೈಸೂರಿನ ಜನಾಂಗ ಸಮೀಕ್ಷೆ ನಡೆಸಿದ ಎಚ್.ವಿ. ನಂಜುಂಡಯ್ಯನವರು, ಮುಂದೆ 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತಿನ ಮೊದಲ ಅಧ್ಯಕ್ಷರಾದವರು, ಮೊರಸು ಒಕ್ಕಲಿನ ಬಗ್ಗೆ ಪ್ರತ್ಯೇಕ ಪುಸ್ತಿಕೆಯನ್ನೇ ಬರೆದರು. ದೇವರಿಗೆ ಸಲ್ಲಬೇಕಾದ್ದು ಸಂಕೇತವಾಗಿ ಸಂದಿತು, ಬೆರಳು ಹೆಂಗಸಿನ ಕೈಯಲ್ಲೇ ಉಳಿಯಿತು. ನಂಬಿಕೆಯನ್ನು ಬಿಡದೆ ದೇಹವನ್ನು ಉಳಿಸಿಕೊಳ್ಳುವ ಈ ಉಪಾಯ ಒಕ್ಕಲಿನವರೇ ಕಂಡುಕೊಂಡದ್ದು.

ಇದೇ ಅವಧಿಯಲ್ಲಿ ಬಂದ ಭಾರತೀಯ ದಂಡಸಂಹಿತೆ ಒಪ್ಪಿಗೆಯ ಮಿತಿಯನ್ನು ಬರಹಕ್ಕೆ ಇಳಿಸಿತು. 1860ರಲ್ಲಿ ರೂಪುಗೊಂಡು 1862ರಲ್ಲಿ ಬ್ರಿಟಿಷ್ ಭಾರತದಲ್ಲಿ ಜಾರಿಯಾದ ಈ ಸಂಹಿತೆ, ಕಮಿಷನರ ಆಡಳಿತದಲ್ಲಿದ್ದ ಮೈಸೂರಿಗೂ ವಿಸ್ತರಿಸಿತು. ಅದರ 320ನೇ ಕಲಮು ಯಾವುದೇ ಅಂಗ ಅಥವಾ ಗೆಣ್ಣು ಕಳೆಯುವುದನ್ನು ‘ತೀವ್ರ ಗಾಯ’ದ ಪಟ್ಟಿಯಲ್ಲಿ ಸೇರಿಸಿತು. 87ನೇ ಕಲಮಿನ ಪ್ರಕಾರ 18 ವರ್ಷ ಮೀರಿದವರು ಒಪ್ಪಿ ತಗುಲಿಸಿಕೊಂಡ ಸಣ್ಣ ಪೆಟ್ಟು ಅಪರಾಧವಾಗಿರಲಿಲ್ಲ. ಕುಸ್ತಿ, ಕತ್ತಿವರಸೆಯ ಪೆಟ್ಟುಗಳು ಇದರಲ್ಲಿ ಬರುತ್ತಿದ್ದವು. ಆದರೆ ಸಾವು ಅಥವಾ ತೀವ್ರ ಗಾಯ ಮಾಡುವ ಉದ್ದೇಶದ ಕೆಲಸಕ್ಕೆ ಆ ಒಪ್ಪಿಗೆ ರಕ್ಷಣೆಯಾಗುತ್ತಿರಲಿಲ್ಲ. ಕೊಳೆತ ಬೆರಳನ್ನು ವೈದ್ಯ ರೋಗಿಯ ಒಪ್ಪಿಗೆ ಪಡೆದು ಅವಳ ಒಳಿತಿಗೆ ತೆಗೆದರೆ 88ನೇ ಕಲಮು ಅವನನ್ನು ಕಾಯುತ್ತಿತ್ತು. ಹರಕೆಗೆಂದು ಆರೋಗ್ಯವಾಗಿದ್ದ ಬೆರಳು ಕಡಿದ ಕಮ್ಮಾರನಿಗೆ 87ನೇ ಕಲಮಿನ ಆಸರೆ ಇರಲಿಲ್ಲ. ಹಾನಿಯ ಭಯದಿಂದ ಅಥವಾ ತಪ್ಪು ತಿಳಿವಿನಿಂದ ಕೊಟ್ಟ ಒಪ್ಪಿಗೆ, ಎದುರಿನವನಿಗೆ ಅದು ಗೊತ್ತಿದ್ದರೆ, ಒಪ್ಪಿಗೆಯೇ ಅಲ್ಲ ಎಂದು 90ನೇ ಕಲಮು ಹೇಳಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲೂ ಈ ತತ್ವಗಳು ಉಳಿದಿವೆ. 87, 90, 320ನೇ ಕಲಮುಗಳ ಸಂಖ್ಯೆ ಮಾತ್ರ ಕ್ರಮವಾಗಿ 25, 28, 116 ಎಂದು ಬದಲಾಗಿದೆ.

ಎಂಟು ವರ್ಷದ ಗೆರೆ

ಬೆರಳಿನ ವಿಷಯದಲ್ಲಿ, ವಿಲ್ಕ್ಸ್ ಮತ್ತು ಬುಕಾನನ್ ಹೇಳುವಂತೆ, ಒಪ್ಪಿದವಳು ಬೆಳೆದ ಹೆಂಗಸು. ಬಾಲ್ಯವಿವಾಹದಲ್ಲಿ ಒಪ್ಪಲು ಬೇಕಾದ ವಯಸ್ಸೇ ಇರಲಿಲ್ಲ. ಕಿವಿ ಚುಚ್ಚುವ ಶಾಸ್ತ್ರಕ್ಕೂ ಮದುವೆ ನಿಶ್ಚಯಕ್ಕೂ ಇದ್ದ ನಂಟು ವಿಲ್ಕ್ಸನ ಬರಹದಲ್ಲೇ ಕಾಣುತ್ತದೆ. ಹುಡುಗಿಯ ಪರವಾಗಿ ತಂದೆ ಮಾತು ಕೊಡುವುದು, ಧಾರೆ ಎರೆದು ಕೈ ಒಪ್ಪಿಸುವುದು ಧರ್ಮವೆಂದೇ ಎಣಿಸಿದ್ದ ಕಾಲ ಅದು.

1881ರಲ್ಲಿ ದಿವಾನ್ ಸಿ. ರಂಗಾಚಾರ್ಲು ಅವರ ಕಾಲದಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆ ಆರಂಭವಾಯಿತು. ಬೆಂಗಳೂರು ಜಿಲ್ಲೆಯ ತಾಲ್ಲೂಕುಗಳಿಂದಲೂ ಪ್ರತಿನಿಧಿಗಳು ದಸರಾ ಸಮಯದಲ್ಲಿ ಮೈಸೂರಿಗೆ ಹೋಗಿ ಅಹವಾಲು ಹೇಳುತ್ತಿದ್ದರು; ಬಾಲ್ಯವಿವಾಹದ ವಿಷಯವೂ ಆ ಸಭೆಯಲ್ಲಿ ಚರ್ಚೆಗೆ ಬಂತು. ಬ್ರಿಟಿಷ್ ಭಾರತದಲ್ಲಿ, ಬಾಲ್ಯದಲ್ಲಿ ಮದುವೆಯಾದ ಗಂಡನೊಂದಿಗೆ ಬಾಳಲು ಒಲ್ಲದ ರುಖ್ಮಾಬಾಯಿಯ ಮೊಕದ್ದಮೆ ಮತ್ತು ಗಂಡನ ಲೈಂಗಿಕ ಸಂಪರ್ಕದಿಂದಾದ ಬಾಲಕಿ ಫುಲ್‌ಮಣಿ ದಾಸಿಯ ಸಾವು ದೊಡ್ಡ ವಾಗ್ವಾದ ಎಬ್ಬಿಸಿ, 1891ರ ಕಾಯ್ದೆ ಸಮ್ಮತಿಯ ವಯಸ್ಸನ್ನು 10ರಿಂದ 12ಕ್ಕೆ ಏರಿಸಿತ್ತು. ಮೈಸೂರು ಇನ್ನೊಂದು ದಾರಿ ಹಿಡಿಯಿತು. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಆಡಳಿತದಲ್ಲಿ 1894ರಲ್ಲಿ ಬಂದ ಬಾಲ್ಯವಿವಾಹ ತಡೆ ನಿಬಂಧನೆ ಮದುವೆಯನ್ನೇ ತಡೆಯಿತು. ಎಂಟು ವರ್ಷ ತುಂಬದ ಹುಡುಗಿಯ ಮದುವೆ, 50 ಮೀರಿದ ಗಂಡಸು 14ರೊಳಗಿನ ಹುಡುಗಿಯನ್ನು ಮದುವೆಯಾಗುವುದು ಇವೆರಡೂ ಅಪರಾಧವಾದವು. ಎಂಟು ಎಂಬ ಗೆರೆ ಇಂದಿನ ಕಣ್ಣಿಗೆ ತೀರ ಕೆಳಗಿದೆ. ಆದರೆ ಹೆತ್ತವರ ಒಪ್ಪಿಗೆ ಇದ್ದರೂ ಮಗುವಿನ ಮೇಲೆ ಮಾಡಲಾಗದ ಕೆಲಸವೊಂದಿದೆ ಎಂದು ರಾಜ್ಯ ಒಪ್ಪಿಕೊಂಡಿತು.

ಬ್ರಿಟಿಷ್ ಭಾರತದಲ್ಲಿ ಅಂಥ ಕಾಯ್ದೆ ಬರಲು ಇನ್ನೂ 35 ವರ್ಷ ಹಿಡಿಯಿತು. 1929ರ ಶಾರದಾ ಕಾಯ್ದೆ ಹುಡುಗಿಗೆ 14, ಹುಡುಗನಿಗೆ 18 ಎಂದು ನಿಗದಿ ಮಾಡಿತು. 1978ರ ತಿದ್ದುಪಡಿಯಿಂದ ಇದು 18 ಮತ್ತು 21 ಆಯಿತು. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆ ಬಾಲ್ಯದಲ್ಲಾದ ಮದುವೆಯನ್ನು ಆ ಮಗು ಬೆಳೆದ ಮೇಲೆ ಬೇಡವೆಂದು ರದ್ದು ಮಾಡಿಸಬಹುದು ಎಂದಿತು. ಬೇಡವೆನ್ನುವ ಹೊರೆ ಆ ಮಗುವಿನ ಮೇಲೇ ಇತ್ತು. ನ್ಯಾಯಮೂರ್ತಿ ಶಿವರಾಜ ವಿ. ಪಾಟೀಲರ ನೇತೃತ್ವದ ಸಮಿತಿ ವರದಿ ಕೊಟ್ಟ ನಂತರ ಕರ್ನಾಟಕ 2016ರ ತಿದ್ದುಪಡಿಯಲ್ಲಿ ಒಂದು ಹೆಜ್ಜೆ ಮುಂದಿಟ್ಟಿತು. ರಾಜ್ಯದಲ್ಲಿ ನಡೆಯುವ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು. ರದ್ದು ಮಾಡಿಸಲು ಯಾರೂ ಕೋರ್ಟಿಗೆ ಹೋಗಬೇಕಿಲ್ಲ. 2017ರ ಅಕ್ಟೋಬರ್ 11ರಂದು ‘ಇಂಡಿಪೆಂಡೆಂಟ್ ಥಾಟ್’ ಪ್ರಕರಣದಲ್ಲಿ 18ರೊಳಗಿನ ಹೆಂಡತಿಯೊಂದಿಗಿನ ಲೈಂಗಿಕ ಸಂಪರ್ಕವನ್ನು ಅತ್ಯಾಚಾರವೆಂದು ತೀರ್ಮಾನಿಸಿದ ಸುಪ್ರೀಂ ಕೋರ್ಟ್, ಕರ್ನಾಟಕದ ಈ ತಿದ್ದುಪಡಿಯನ್ನು ಮೆಚ್ಚಿ ಬೇರೆ ರಾಜ್ಯಗಳಿಗೆ ಮಾದರಿಯಾಗಿ ತೋರಿಸಿತು.

ಗೆರೆ ಮೇಲಕ್ಕೆ ಏರಿದಂತೆ ಇನ್ನೊಂದು ಪ್ರಶ್ನೆ ಎದ್ದಿದೆ. 2012ರ ಪೋಕ್ಸೊ ಕಾಯ್ದೆ 18ರೊಳಗಿನವರ ಸಮ್ಮತಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. 16 ಮೀರಿದ ಹುಡುಗಿಯರು ತಾವಾಗಿಯೇ ಜೊತೆಗಾರನೊಂದಿಗೆ ಹೋದ ಪ್ರಕರಣಗಳನ್ನು ಕಂಡ ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠ 2022ರಲ್ಲಿ ವಯಸ್ಸಿನ ವಿಷಯವನ್ನು ಮರುಪರಿಶೀಲಿಸುವಂತೆ ಕಾನೂನು ಆಯೋಗಕ್ಕೆ ಸೂಚಿಸಿತು. ಆಯೋಗ 2023ರ ತನ್ನ 283ನೇ ವರದಿಯಲ್ಲಿ ವಯಸ್ಸು ಇಳಿಸುವುದು ಬೇಡ ಎಂದಿತು. ಆವತಿಯ ಕಥೆಯಲ್ಲಿ ದೊಡ್ಡಮ್ಮನ ಮಾತು ಕೇಳಿಸುವುದಿಲ್ಲ. ರಕ್ಷಣೆಗೆಂದು ಬಂದ ಕಾನೂನಿನಲ್ಲೂ ಹುಡುಗಿಯ ಮಾತು ಕೇಳಿಸದೆ ಹೋಗಬಹುದು ಎಂಬುದು ಈ ಚರ್ಚೆಯ ಒಂದು ಬದಿ. ಎಳೆಯ ವಯಸ್ಸಿನ ಮಾತನ್ನು ಯಾರು ಆಡಿಸುತ್ತಿದ್ದಾರೆ ಎಂದು ತಿಳಿಯುವುದು ಕಷ್ಟ ಎಂಬುದು ಇನ್ನೊಂದು ಬದಿ.

ಹೆಬ್ಬೆಟ್ಟು ಒತ್ತಿದ ದುಡಿಮೆ

ಜೀತ ಹಳೆಯ ಮೈಸೂರಿನ ಬೇಸಾಯದ ಹಳ್ಳಿಗಳಲ್ಲೆಲ್ಲ ಇದ್ದ ಏರ್ಪಾಡು. ಮಗಳ ಮದುವೆಗೋ ಕಾಯಿಲೆಗೋ ಬರಗಾಲದ ರಾಗಿಗೋ ಬಡವ ಸಾಲ ಎತ್ತುತ್ತಿದ್ದ. ಸಾಲಕ್ಕೆ ಒತ್ತೆ ಇಡಲು ಜಮೀನಿಲ್ಲದವನು ತನ್ನನ್ನೇ ಅಥವಾ ಮಗನನ್ನು ಒಡೆಯನ ಮನೆಗೆ ಒತ್ತೆ ಇಡುತ್ತಿದ್ದ. ವರ್ಷಕ್ಕಿಷ್ಟು ರಾಗಿ, ಬಟ್ಟೆ, ಕಂಬಳಿ ಸಿಗುತ್ತಿತ್ತು. ದುಡಿಮೆಯೆಲ್ಲ ಬಡ್ಡಿಗೆ ಸಂದು ಅಸಲು ಹಾಗೇ ಉಳಿಯುತ್ತಿತ್ತು. ಜೀತದಾಳುಗಳಲ್ಲಿ ಹೆಚ್ಚಿನವರು ಪರಿಶಿಷ್ಟ ಜಾತಿಗಳವರು. ಅಪ್ಪ ಸತ್ತರೆ ಸಾಲವೂ ಜೀತವೂ ಮಗನ ಪಾಲಿಗೆ ಬರುತ್ತಿತ್ತು. ಪತ್ರದ ಮೇಲಿನ ಹೆಬ್ಬೆಟ್ಟು ಒಪ್ಪಿಗೆಯ ಸಾಕ್ಷಿ.

ದುಡಿಯುವ ಕರಾರನ್ನು ಕಾನೂನು ಏಕೆ ಮುರಿಯಬೇಕು ಎಂಬ ಪ್ರಶ್ನೆಗೆ ಉತ್ತರ ಮೊದಲು ಮಕ್ಕಳ ವಿಷಯದಲ್ಲಿ ಬಂತು. ಕಾರ್ಮಿಕರ ಸ್ಥಿತಿ ವಿಚಾರಿಸಿದ ರಾಯಲ್ ಆಯೋಗದ ಶಿಫಾರಸಿನ ನಂತರ, ಮಗುವಿನ ದುಡಿಮೆಯನ್ನು ಒತ್ತೆ ಇಡುವ ಹೆತ್ತವರ ಕರಾರು ಅಸಿಂಧು ಎಂದು 1933ರ ಕಾಯ್ದೆ ಬ್ರಿಟಿಷ್ ಭಾರತದಲ್ಲಿ ಸಾರಿತು. ವಯಸ್ಕರ ವಿಷಯದಲ್ಲಿ ಸಂವಿಧಾನದ 23ನೇ ವಿಧಿ ಮನುಷ್ಯರ ಮಾರಾಟವನ್ನೂ ಬಿಟ್ಟಿ ದುಡಿಮೆಯನ್ನೂ ನಿಷೇಧಿಸಿತು. ಆ ವಿಧಿಗೆ ಹಲ್ಲು ಬಂದದ್ದು 1975ರ ಅಕ್ಟೋಬರಿನ ಸುಗ್ರೀವಾಜ್ಞೆ ಮತ್ತು ಅದರ ಜಾಗಕ್ಕೆ ಬಂದ 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯಿಂದ. ಕರ್ನಾಟಕದಲ್ಲಿ ಆಗ ಡಿ. ದೇವರಾಜ ಅರಸು ಮುಖ್ಯಮಂತ್ರಿ. ಭೂಸುಧಾರಣೆ, ಋಣಪರಿಹಾರದ ಕ್ರಮಗಳೂ ಅದೇ ಕಾಲದವು.

ಕಾಯ್ದೆ ಜೀತದಾಳನ್ನು ಬಿಡಿಸಿ, ಜೀತದ ಸಾಲವನ್ನು ಅಳಿಸಿಹಾಕಿತು. ಜೀತದ ಕರಾರು, ರೂಢಿ, ಬರಹ ಎಲ್ಲವೂ ಅಸಿಂಧುವಾದವು. ಸಾಲಕ್ಕೆ ಕಿತ್ತುಕೊಂಡ ಆಸ್ತಿ ಹಿಂದಿರುಗಿಸಬೇಕಾಯಿತು. ಅದು ಜೀತದ ಸಾಲವಲ್ಲ ಎಂದು ರುಜುವಾತು ಮಾಡುವ ಹೊರೆ ಸಾಲ ಕೊಟ್ಟವನ ಮೇಲೆ ಬಿತ್ತು. ಜೀತ ಮಾಡಿಸಿದವನಿಗೆ ಮೂರು ವರ್ಷದವರೆಗೆ ಸೆರೆ, 2,000 ರೂಪಾಯಿವರೆಗೆ ದಂಡ. ಜಿಲ್ಲೆ ಮತ್ತು ಉಪವಿಭಾಗ ಮಟ್ಟದಲ್ಲಿ ಜಾಗೃತಿ ಸಮಿತಿಗಳು ಬಂದವು. ಕಾಯ್ದೆ ಬಂದ ಎರಡು ವರ್ಷಕ್ಕೆ ಗಾಂಧಿ ಶಾಂತಿ ಪ್ರತಿಷ್ಠಾನ ಮತ್ತು ರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಸೇರಿ ನಡೆಸಿದ ಸಮೀಕ್ಷೆ ಹತ್ತು ರಾಜ್ಯಗಳಲ್ಲಿ ಸುಮಾರು 26 ಲಕ್ಷ ಜೀತದಾಳುಗಳಿದ್ದಾರೆ ಎಂದು ಅಂದಾಜು ಮಾಡಿತು. ಕರ್ನಾಟಕವೂ ಆ ಹತ್ತರಲ್ಲಿ ಒಂದು.

‘ಅವನೇ ಒಪ್ಪಿ ಬಂದಿದ್ದಾನೆ’ ಎಂಬ ಒಡೆಯನ ವಾದಕ್ಕೆ ಸುಪ್ರೀಂ ಕೋರ್ಟ್ 1982ರ ಏಷ್ಯಾಡ್ (ಏಷ್ಯನ್ ಕ್ರೀಡಾಕೂಟ) ಕಟ್ಟಡ ಕಾರ್ಮಿಕರ ಪ್ರಕರಣದಲ್ಲಿ ಉತ್ತರಿಸಿತು. ಬಲವಂತ ಎಂದರೆ ಬಡಿಗೆ ಹಿಡಿದ ಬಲವಂತ ಮಾತ್ರವಲ್ಲ. ಹಸಿವು, ಬಡತನ ಬೇರೆ ದಾರಿ ಉಳಿಸದೆ ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸಿದರೆ ಅದೂ 23ನೇ ವಿಧಿಯ ಬಲವಂತದ ದುಡಿಮೆ. 1983ರ ಬಂಧುವಾ ಮುಕ್ತಿ ಮೋರ್ಚಾ ತೀರ್ಪು ಜೀತದಾಳುಗಳನ್ನು ಗುರುತಿಸಿ ಪುನರ್ವಸತಿ ಕೊಡುವುದು ಸರ್ಕಾರದ ಹೊಣೆ ಎಂದಿತು. ಬೆಂಗಳೂರು ಸುತ್ತಿನ ಆನೇಕಲ್ ಸೀಮೆಯಿಂದ 1990ರ ದಶಕದಲ್ಲಿ ಬೆಳೆದ ‘ಜೀವಿಕ’ ಸಂಘಟನೆ ಜೀತದಾಳುಗಳನ್ನು ಪಟ್ಟಿ ಮಾಡಿ, ಅವರನ್ನೇ ಸಂಘಟಿಸಿ ಅರ್ಜಿ ಹಾಕಿಸುವ ಕೆಲಸ ಮಾಡಿತು.

ಹೊಲದ ಜೀತ ಕುಗ್ಗಿದಂತೆ ರೂಪ ಬದಲಾಯಿತು. ನಗರ ಬೆಳೆದಂತೆ ಅದರ ಸುತ್ತ ಇಟ್ಟಿಗೆ ಗೂಡು, ಕಲ್ಲುಗಣಿ, ಇತರ ಕೆಲಸಗಳಿಗೆ ಬೇರೆ ಜಿಲ್ಲೆ, ಬೇರೆ ರಾಜ್ಯಗಳ ಕುಟುಂಬಗಳನ್ನು ‘ಮುಂಗಡ’ ಕೊಟ್ಟು ಕರೆತರುವುದು ನಡೆಯಿತು. ಮುಂಗಡ ತೀರುವವರೆಗೆ ಹೊರಗೆ ಹೋಗುವಂತಿಲ್ಲ ಎಂದಾಗ ಅದು ಕಾಯ್ದೆಯ ಕಣ್ಣಿನಲ್ಲಿ ಜೀತವೇ. ಉಪವಿಭಾಗಾಧಿಕಾರಿ ಕೊಡುವ ಬಿಡುಗಡೆ ಪತ್ರ ಇಂಥ ಕುಟುಂಬಕ್ಕೆ ಮುಖ್ಯ ಆಧಾರ. 1978ರಲ್ಲಿ ಆರಂಭವಾದ ಕೇಂದ್ರದ ಪುನರ್ವಸತಿ ಯೋಜನೆಯ ನೆರವು 2016ರ ಪರಿಷ್ಕರಣೆಯಲ್ಲಿ ವಯಸ್ಕ ಪುರುಷನಿಗೆ 1 ಲಕ್ಷ, ಮಹಿಳೆ ಮತ್ತು ಮಕ್ಕಳಿಗೆ 2 ಲಕ್ಷ, ತೀರ ಘೋರ ಪ್ರಕರಣಗಳಲ್ಲಿ 3 ಲಕ್ಷ ರೂಪಾಯಿಗೆ ಏರಿತು.

ಮತ್ತೆ ದೇಹದ ಭಾಗ

ದೇವರಿಗೆ ಬೆರಳು ಕೊಡುವುದು ನಿಂತು ನೂರು ವರ್ಷ ಕಳೆದ ಮೇಲೆ, ಬೆಂಗಳೂರಿನ ಸುತ್ತ ಸಾಲ ತೀರಿಸಲು ಅಂಗ ಕೊಡುವ ಪ್ರಕರಣಗಳು ಹೊರಬಂದವು. 1990ರ ದಶಕದಲ್ಲಿ ನಗರದಲ್ಲಿ ಬಯಲಾದ ಮೂತ್ರಪಿಂಡ ಮಾರಾಟದ ಜಾಲದಲ್ಲಿ ಕೊಟ್ಟವರೆಲ್ಲ ಬಡವರು, ಪಡೆದವರು ಹಣವಿದ್ದವರು, ನಡುವೆ ದಲ್ಲಾಳಿಗಳು. 1994ರ ಮಾನವ ಅಂಗಾಂಗ ಕಸಿ ಕಾಯ್ದೆ ಅಂಗದ ದಾನವನ್ನು ಒಪ್ಪಿ, ಮಾರಾಟವನ್ನು ಅಪರಾಧವಾಗಿಸಿತು. ಹತ್ತಿರದ ಬಂಧುವಲ್ಲದವರು ಕೊಡಬೇಕಾದರೆ ಅಧಿಕಾರ ಪಡೆದ ಸಮಿತಿ ಕೊಡುವವರನ್ನು ವಿಚಾರಿಸಿ, ಹಣದ ವಹಿವಾಟಿಲ್ಲ ಎಂದು ಖಚಿತ ಮಾಡಿಕೊಳ್ಳಬೇಕು. ತಾಯಿ ಮಗನಿಗೆ ಕೊಟ್ಟ ಮೂತ್ರಪಿಂಡಕ್ಕೂ ಬಡವ ಮಾರಿದ ಮೂತ್ರಪಿಂಡಕ್ಕೂ ಶಸ್ತ್ರಚಿಕಿತ್ಸೆಯಲ್ಲಿ ವ್ಯತ್ಯಾಸವಿಲ್ಲ. ಎರಡಕ್ಕೂ ಸಹಿ ಇದೆ. ಕಾನೂನು ನೋಡುವುದು ಸಹಿಯ ಹಿಂದಿನ ಸ್ಥಿತಿಯನ್ನು.

ಬಿಟ್ಟುಕೊಡಲಾಗದ ಹಕ್ಕು

ತನ್ನನ್ನು ತಾನೇ ಗುಲಾಮನಾಗಿ ಮಾರಿಕೊಳ್ಳುವ ಕರಾರನ್ನು ಜಾನ್ ಸ್ಟುವರ್ಟ್ ಮಿಲ್ 1859ರ ತನ್ನ ಸ್ವಾತಂತ್ರ್ಯ ಕುರಿತ ಪುಸ್ತಕದಲ್ಲಿ ಚರ್ಚಿಸಿದ. ಆಯ್ಕೆಯ ಸ್ವಾತಂತ್ರ್ಯವನ್ನು ಬಳಸಿ ಆ ಸ್ವಾತಂತ್ರ್ಯವನ್ನೇ ಇಲ್ಲವಾಗಿಸಿಕೊಳ್ಳುವುದು ಸ್ವಾತಂತ್ರ್ಯದ ಭಾಗವಲ್ಲ ಎಂಬುದು ಅವನ ವಾದ. ಭಾರತದ ಸುಪ್ರೀಂ ಕೋರ್ಟ್ 1958ರ ಬಶೇಶರ್ ನಾಥ್ ಪ್ರಕರಣದಲ್ಲಿ ಸಂವಿಧಾನದ 14ನೇ ವಿಧಿಯ ಸಮಾನತೆಯ ಹಕ್ಕನ್ನು ಪ್ರಜೆ ತಾನಾಗಿ ಬಿಟ್ಟುಕೊಟ್ಟರೂ ಅದು ಹೋಗುವುದಿಲ್ಲ ಎಂದಿತು. 1985ರಲ್ಲಿ ಮುಂಬೈ ಫುಟ್‌ಪಾತ್ ವಾಸಿಗಳ ಪ್ರಕರಣದಲ್ಲಿ ಅದೇ ತತ್ವವನ್ನು ಮೂಲಭೂತ ಹಕ್ಕುಗಳಿಗೆಲ್ಲ ಅನ್ವಯಿಸಿತು.

ಇದರ ಇನ್ನೊಂದು ಮುಖ, ಒಪ್ಪಿಗೆ ಇಲ್ಲದೆ ದೇಹವನ್ನು ಮುಟ್ಟಬಾರದು ಎಂಬುದು. ಅದನ್ನು ಬಲಪಡಿಸಿದ ಎರಡು ತೀರ್ಪುಗಳಿಗೂ ಕರ್ನಾಟಕದ ನಂಟಿದೆ. ಆರೋಪಿಗಳಿಗೆ ಅವರ ಒಪ್ಪಿಗೆ ಇಲ್ಲದೆ ಮಂಪರು ಪರೀಕ್ಷೆ, ಸುಳ್ಳುಪತ್ತೆ ಪರೀಕ್ಷೆ, ಮಿದುಳಿನ ನಕ್ಷೆ ಪರೀಕ್ಷೆ ಮಾಡುವಂತಿಲ್ಲ ಎಂದು 2010ರ ಮೇ 5ರಂದು ತೀರ್ಪು ಬಂದದ್ದು ‘ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ’ ಪ್ರಕರಣದಲ್ಲಿ. ಖಾಸಗಿತನ ಮೂಲಭೂತ ಹಕ್ಕು, ತನ್ನ ದೇಹದ ಬಗ್ಗೆ ತಾನೇ ನಿರ್ಧರಿಸುವುದು ಅದರ ಭಾಗ ಎಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿದ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಈ ಹಕ್ಕು ಸರ್ಕಾರ ಕೊಟ್ಟದ್ದಲ್ಲ, ಹುಟ್ಟಿನಿಂದ ಬಂದದ್ದು ಎಂಬುದು ಆ ತೀರ್ಪಿನ ತಳಪಾಯ.

ಒಪ್ಪಿಗೆ ಇಲ್ಲದೆ ಮುಟ್ಟಬಾರದು ಎಂಬ ನಿಯಮವೂ ಒಪ್ಪಿಗೆ ಇದ್ದರೂ ಕೆಲವನ್ನು ಕಸಿಯಬಾರದು ಎಂಬ ನಿಯಮವೂ ಮೇಲ್ನೋಟಕ್ಕೆ ಎದುರುಬದುರು. ಎರಡೂ ಕಾಯುವುದು ಒಂದನ್ನೇ: ನಾಳೆಯೂ ಒಪ್ಪಲು ಅಥವಾ ಒಲ್ಲೆನೆನ್ನಲು ಮನುಷ್ಯನಿಗೆ ಉಳಿಯಬೇಕಾದ ಶಕ್ತಿಯನ್ನು. ಕಡಿದ ಬೆರಳು ಮತ್ತೆ ಬೆಳೆಯುವುದಿಲ್ಲ; ಎಂಟರಲ್ಲಿ ಆದ ಮದುವೆಯನ್ನು ಹದಿನೆಂಟರಲ್ಲಿ ಹುಡುಗಿ ಹೊಸದಾಗಿ ಆರಿಸಿಕೊಳ್ಳಲಾಗದು; ಮುಗಿಯದ ಸಾಲಕ್ಕೆ ಒತ್ತಿದ ಹೆಬ್ಬೆಟ್ಟು ಮಗನ ಕೈಯನ್ನೂ ಕಟ್ಟುತ್ತದೆ. ಮೂರರಲ್ಲೂ ಒಮ್ಮೆ ಹೇಳಿದ ‘ಹೂಂ’ ಮುಂದಿನ ಎಲ್ಲ ‘ಊಹೂಂ’ಗಳ ಬಾಯಿ ಮುಚ್ಚಿಸುತ್ತಿತ್ತು. ಬೇಕಾದಾಗ ಹಿಂದಕ್ಕೆ ಪಡೆಯಬಹುದಾದ ಒಪ್ಪಿಗೆಗೆ ಕಾನೂನು ಅಡ್ಡ ಬರುವುದಿಲ್ಲ. ಹಿಟ್ಟಿನ ಬೆರಳು ಕತ್ತರಿಸಿ ಭೈರವನಿಗೆ ಹರಕೆ ಒಪ್ಪಿಸಿದ ಹೆಂಗಸರನ್ನು ಯಾವ ಕಲಮೂ ತಡೆಯಲಿಲ್ಲ.